ಗೋವಾದಲ್ಲಿ ದುಡಿಮೆ, ಊರಲ್ಲಿ ಅಪ್ಪ-ಅವ್ವ: ಬಂದೂಕು ತರಲೇ?

ಪ್ರಶ್ನೆ: ನಮ್ಮದು ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿ. ನನಗೆ 38 ವರ್ಷ. ಗೋವಾದ ವೆರ್ಣಾದಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸ, ವಾಸ್ಕೋದಲ್ಲಿ ಬಾಡಿಗೆ ಮನೆ. ಬಿತ್ತಿಗೆಗೆ, ಸುಗ್ಗಿಗೆ, ಹಬ್ಬಗಳಿಗೆ ಊರಿಗೆ ಬಂದು ಹೋಗುತ್ತೇನೆ. ಅಪ್ಪನಿಗೆ 71, ಅವ್ವನಿಗೆ 65. ಊರಿಂದ ಸ್ವಲ್ಪ ದೂರ ಹೊಲದ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಹೋದ ತಿಂಗಳು ಪಕ್ಕದ ಊರಲ್ಲಿ ರಾತ್ರಿ ಮನೆಗೆ ನುಗ್ಗಿ ಮುದುಕಿಯೊಬ್ಬಳ ಕೊರಳಲ್ಲಿದ್ದ ಬೋರಮಾಳ ಕಿತ್ತುಕೊಂಡು ಹೋದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ರಾತ್ರಿ ಪಾಳಿಯಲ್ಲಿದ್ದರೂ ಎರಡು ಮೂರು ಸಲ ಫೋನ್ ಮಾಡುತ್ತೇನೆ. ಅವರು ಎತ್ತದಿದ್ದರೆ ಕೈ ನಡುಗುತ್ತದೆ. ಇತ್ತ ಗೋವಿನಜೋಳಕ್ಕೆ ಕಾಡುಹಂದಿ ಕಾಟ ಬೇರೆ. ಕಾಕಾನ ಮಕ್ಕಳ ಜತೆ ಬದುವಿನ ತಕರಾರೂ ಇದೆ.

ಒಂದು ಬಂದೂಕು ತೆಗೆದುಕೊಂಡುಬಿಡೋಣ ಎನಿಸಿದೆ. ಕಾನೂನು ಪ್ರಕಾರವೇ ಆಗಬೇಕು. ಆದರೆ ನಾನು ಯಾವ ರಾಜ್ಯದವನು? ಆಧಾರ್ ಹಾನಗಲ್ಲದ್ದು, ವಾಸ ಗೋವಾದ್ದು. ಗೋವಾದಲ್ಲಿ ಅರ್ಜಿ ಹಾಕಲೇ, ಹಾವೇರಿಯಲ್ಲೇ? ಅಮೆರಿಕದಲ್ಲಿರುವ ಗೆಳೆಯ, ಎರಡು ಕಡೆ ಮನೆಯಿದ್ದರೆ ಎರಡೂ ಕಡೆ ಕೊಳ್ಳಬಹುದು ಅನ್ನುತ್ತಾನೆ. ಜತೆಯಲ್ಲಿ ಕೆಲಸ ಮಾಡುವ ಕೊಡಗಿನವನು, ನಮಗೆ ಲೈಸೆನ್ಸೇ ಬೇಡ ಅನ್ನುತ್ತಾನೆ. ಹೆಂಡತಿಗೆ ಇದು ಇಷ್ಟವಿಲ್ಲ. ಅಪ್ಪ ಈಚೆಗೆ ಸರಿಯಾಗಿ ಉಣ್ಣುತ್ತಿಲ್ಲ, ‘ಇನ್ನ ಯಾತಕ್ಕ ಇರಬೇಕು’ ಅನ್ನುತ್ತಾನೆ ಎಂದು ಅವ್ವ ಹೇಳುತ್ತಾಳೆ. ಬಂದೂಕಿದ್ದರೆ ಅವನಿಗೂ ಧೈರ್ಯ ಬರಬಹುದು. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದ ಉದ್ದಕ್ಕೂ ಇರುವುದು ಹೆತ್ತವರ ಮೇಲಿನ ಕಾಳಜಿ. ಮೊದಲು ಅದಕ್ಕೊಂದು ಗೌರವ. ವಯಸ್ಸಾದ ತಂದೆ-ತಾಯಿಯನ್ನು ಹೊಲದ ಮನೆಯಲ್ಲಿ ಬಿಟ್ಟು ಬೇರೆ ರಾಜ್ಯದಲ್ಲಿ ದುಡಿಯುವವರಿಗೆ ರಾತ್ರಿಗಳು ಎಷ್ಟು ಉದ್ದವಾಗಿರುತ್ತವೆ ಎಂಬುದು ಅನುಭವಿಸಿದವರಿಗೇ ಗೊತ್ತು. ಫೋನು ಎತ್ತಲಿಲ್ಲವೆಂದರೆ ಕೈ ನಡುಗುವುದು ಅಂಜುಬುರುಕತನವಲ್ಲ. ಪಕ್ಕದ ಊರಲ್ಲಿ ನಿಜವಾಗಿಯೂ ಒಂದು ಘಟನೆ ನಡೆದಿದೆ, ನೀವು ನಿಜವಾಗಿಯೂ ದೂರ ಇದ್ದೀರಿ. ಹಾನಗಲ್ಲದಿಂದ ಮಾತ್ರವಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದಲೂ ಎಷ್ಟೋ ಮಂದಿ ಗೋವಾ, ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತಾ, ಜೀವವನ್ನು ಊರಲ್ಲಿಟ್ಟುಕೊಂಡು ಬದುಕುತ್ತಿದ್ದಾರೆ. ಅವರೂ ಇದನ್ನು ಓದುತ್ತಿರುತ್ತಾರೆ. ಕಾನೂನಿನ ಪ್ರಕಾರವೇ ಆಗಬೇಕು ಎಂದು ಬರೆದಿದ್ದೀರಲ್ಲ, ಆ ಮಾತು ನನಗೆ ಸಮಾಧಾನ ತಂದಿತು. ಹೆದರಿದ ಮನಸ್ಸು ಅಡ್ಡದಾರಿ ಹುಡುಕುವುದೇ ಹೆಚ್ಚು. ನೀವು ಹುಡುಕಲಿಲ್ಲ.

ನೀವು ಕೇಳಿದ್ದು ಕಾನೂನಿನ ಪ್ರಶ್ನೆ, ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಪತ್ರದ ಕೊನೆಗೆ, ಬಂದೂಕಿಗೆ ಒಂದು ಕಾರಣವೆಂಬಂತೆ, ತಂದೆಯ ಮಾತೊಂದನ್ನು ಬರೆದಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ತುರ್ತಿನ ಸಂಗತಿ ಅದೇ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

71ರ ಹಿರಿಯರು ಊಟ ಬಿಟ್ಟು, ಇನ್ನು ಯಾತಕ್ಕೆ ಇರಬೇಕು ಅನ್ನುತ್ತಿದ್ದರೆ ಅದನ್ನು ವಯಸ್ಸಾದವರ ಗೊಣಗಾಟವೆಂದು ದಾಟಿಸಬೇಡಿ. ನಮ್ಮ ಕಡೆ ಹಿರಿಯರು ಬೇಸರವನ್ನು ಬೇಸರ ಎಂದು ಹೇಳುವುದಿಲ್ಲ. ಹಸಿವಿಲ್ಲ, ಮೈ ಭಾರ, ಸಾಕಾಯಿತು ಅನ್ನುತ್ತಾರೆ. ಅದರ ಹಿಂದೆ ಸಕ್ಕರೆ ಕಾಯಿಲೆಯೋ ಹಲ್ಲುನೋವೋ ಇರಬಹುದು, ಸಾಲ ಇರಬಹುದು, ಬದುವಿನ ಜಗಳದಲ್ಲಿ ತಮ್ಮನ ಮಕ್ಕಳೇ ಎದುರು ನಿಂತ ನೋವಿರಬಹುದು, ಖಿನ್ನತೆ ಇರಬಹುದು. ಯಾವುದು ಎಂದು ದೂರದಿಂದ ಹೇಳಲಾಗದು. ಆದರೆ ಒಂದನ್ನು ಖಚಿತವಾಗಿ ಹೇಳಬಲ್ಲೆ: ಬದುಕು ಬೇಡವೆನ್ನುತ್ತಿರುವವರು ಇರುವ ಮನೆಗೆ ಈಗ ಬಂದೂಕು ಬರಬಾರದು. ಲೈಸೆನ್ಸು ಸಿಕ್ಕರೂ ಬರಬಾರದು. ಬೇಸರದ ಒಂದು ಗಳಿಗೆ ಬಂದು ಹೋಗುತ್ತದೆ, ಆ ಗಳಿಗೆಯಲ್ಲಿ ಕೈಗೆ ಸಿಗುವಷ್ಟು ಹತ್ತಿರ ಏನಿದೆ ಎಂಬುದರ ಮೇಲೆ ಎಷ್ಟೋ ನಿರ್ಧಾರವಾಗಿಬಿಡುತ್ತದೆ. ಇದೇ ಕಾರಣಕ್ಕೆ ಹೊಲಕ್ಕೆ ಹೊಡೆಯುವ ಔಷಧದ ಬಾಟಲಿಗಳನ್ನೂ ಮನೆಯಿಂದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿಸಿ. ಬೀಗದ ಕೈ ತಾಯಿಯ ಹತ್ತಿರವೋ ನಂಬುಗೆಯ ನೆರೆಯವರ ಹತ್ತಿರವೋ ಇರಲಿ. ಇದು ಇವತ್ತೇ ಆಗಬೇಕಾದ ಕೆಲಸ.

ಆಮೇಲೆ ತಂದೆಯನ್ನು ನೇರವಾಗಿ ಕೇಳಿ. ಫೋನಿನಲ್ಲಿ ಊಟ ಆಯಿತಾ, ಮಳೆ ಬಂತಾ ಎಂದು ಕೇಳುವಂತೆ ಅಲ್ಲ. ರಜೆ ಹಾಕಿ ಬನ್ನಿ, ಅವರ ಪಕ್ಕ ಕೂತು, ‘ಅಪ್ಪಾ, ಜೀವ ಬ್ಯಾಡ ಅನಸ್ತದ ಏನು? ಏನರ ಮಾಡ್ಕೊಬೇಕು ಅಂತ ಮನಸ್ಸಿಗೆ ಬರ್ತದ ಏನು?’ ಎಂದೇ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ. ಒಬ್ಬರೇ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಗುತ್ತದೆ ಅಷ್ಟೆ. ಅವರು ಹೌದು ಅಂದರೆ ಬೈಯಬೇಡಿ, ನಮ್ಮ ಮರ್ಯಾದೆ ಏನಾಗಬೇಕು ಅನ್ನಬೇಡಿ. ಒಬ್ಬರನ್ನೇ ಬಿಡದೆ ಆವತ್ತೇ ವೈದ್ಯರ ಬಳಿ ಕರೆದೊಯ್ಯಿರಿ. ಇಲ್ಲ ಅಂದರೂ ಒಂದು ವಾರದೊಳಗೆ ತಾಲ್ಲೂಕು ಆಸ್ಪತ್ರೆಗೋ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ತೋರಿಸಿ. ಮೊದಲು ಮೈ ಪರೀಕ್ಷೆಯಾಗಲಿ, ಜತೆಗೇ ಮನೋವೈದ್ಯರೂ ನೋಡಲಿ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ತಂದೆಯೂ ಮಾಡಬಹುದು, ನಿದ್ದೆಯಿಲ್ಲದ ನೀವೂ ಮಾಡಬಹುದು. ರಾತ್ರಿ ಪಾಳಿ, ಅರ್ಧ ನಿದ್ದೆ, ಬಿಡದ ಆತಂಕ ಇವೆಲ್ಲ ಕೂಡಿದರೆ ಎಂಥ ಗಟ್ಟಿ ಮನುಷ್ಯನ ಆಲೋಚನೆಯೂ ಒಂದೇ ಕಡೆ ಸುತ್ತತೊಡಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಿಮ್ಮ ಗೆಳೆಯ ಹೇಳಿದ್ದು ಅಮೆರಿಕದ ಮಟ್ಟಿಗೆ ಸುಳ್ಳಲ್ಲ. ಎರಡು ರಾಜ್ಯಗಳಲ್ಲಿ ಮನೆ ಮಾಡಿಕೊಂಡು ವರ್ಷದ ಒಂದಷ್ಟು ಕಾಲ ಇಲ್ಲಿ, ಒಂದಷ್ಟು ಕಾಲ ಅಲ್ಲಿ ಇರುವವರನ್ನು ಅಲ್ಲಿನ ಒಕ್ಕೂಟದ ನಿಯಮ, ಯಾವಾಗ ಎಲ್ಲಿದ್ದಾರೋ ಆಗ ಅಲ್ಲಿಯ ನಿವಾಸಿ ಎಂದು ಪರಿಗಣಿಸುತ್ತದೆ. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ ಅದು ಹಕ್ಕಲ್ಲ, ಕಾರಣ ನೋಡಿ ಸರ್ಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ, ಅದರ ಕೆಳಗೆ 2016ರ ನಿಯಮಗಳಿವೆ. ಕೊಡಗಿನ ಮಾತೂ ನಿಜವೇ, ಆದರೆ ಅದು ಅವರಿಗಷ್ಟೇ. ಕೊಡವರಿಗೆ ಮತ್ತು ಅಲ್ಲಿಯ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿ ಹಿಡಿಯಿತು. ಅವರ ಕೋವಿ ಅವರ ಆಚರಣೆಯ ಭಾಗ, ಹಬ್ಬದಲ್ಲಿ ಪೂಜೆಗೊಳ್ಳುವಂಥದ್ದು. ಹಾವೇರಿ ಜಿಲ್ಲೆಯವರಾದ ನಿಮಗೆ ಆ ದಾರಿಯಿಲ್ಲ, ಲೈಸೆನ್ಸು ಬೇಕೇ ಬೇಕು.

ಹಾಗಾದರೆ ಎಲ್ಲಿ? ಸಾಮಾನ್ಯವಾಗಿ ವಾಸವಿರುವ ಇಲ್ಲವೇ ಉದ್ಯೋಗವಿರುವ ಜಾಗದ ಲೈಸೆನ್ಸ್ ಅಧಿಕಾರಿಗೆ ಅರ್ಜಿ ಹೋಗಬೇಕು. ಊರಲ್ಲಿ ಅದು ಹಾವೇರಿಯ ಜಿಲ್ಲಾಧಿಕಾರಿ, ಗೋವಾದಲ್ಲಿ ಅಲ್ಲಿಯ ಜಿಲ್ಲಾ ಮ್ಯಾಜಿಸ್ಟ್ರೇಟರು. ಅರ್ಜಿ ಬಂದ ಮೇಲೆ ಅವರು ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಆಧಾರ್‌ ಕಾರ್ಡಿನಲ್ಲಿ ಯಾವ ಊರಿದೆ ಎಂಬುದೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ವರ್ಷದ ಬಹುಪಾಲು ನೀವು ಎಲ್ಲಿರುತ್ತೀರಿ, ಬಂದೂಕು ಯಾವ ಕಾರಣಕ್ಕೆ, ಅದನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆಗಳು ಬರುತ್ತವೆ. ಎರಡು ವಿಳಾಸಗಳನ್ನೂ, ಎರಡೂ ಕಡೆ ಎಷ್ಟೆಷ್ಟು ಕಾಲ ಇರುತ್ತೀರೆಂಬುದನ್ನೂ ಇದ್ದಂತೆ ಬರೆಯಿರಿ. ಸುಲಭವಾಗಲೆಂದು ಗೋವಾದ ಮನೆಯನ್ನು ಮುಚ್ಚಿಟ್ಟು, ಊರಲ್ಲೇ ಇರುತ್ತೇನೆ ಎಂದು ಬರೆದರೆ ಮುಂದೆ ಲೈಸೆನ್ಸನ್ನೇ ರದ್ದು ಮಾಡಬಹುದು. ಸಂಗತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ರದ್ದುಗೊಳಿಸಲು ಕಾಯ್ದೆಯ 17ನೇ ಕಲಂ ಅಧಿಕಾರ ಕೊಟ್ಟಿದೆ. ಒಂದು ಕಡೆ ಹಾಕಿದ್ದನ್ನು ಹೇಳದೆ ಇನ್ನೊಂದು ಕಡೆ ಹಾಕುವುದೂ ಬೇಡ. ಲೈಸೆನ್ಸುದಾರರ ವಿವರ ಈಗ ಇಡೀ ದೇಶದ ಗಣಕ ದಾಖಲೆಯಲ್ಲಿ ಒಂದೇ ಗುರುತು ಸಂಖ್ಯೆಯಡಿ ಇರುತ್ತದೆ. 

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು, ಆಯುಧ ಬಳಕೆಯ ಸುರಕ್ಷತಾ ತರಬೇತಿಯೂ ಇದೆ, ಬೀಗದಲ್ಲಿ ಭದ್ರವಾಗಿಡುತ್ತೇನೆಂದು ಬರೆದುಕೊಡಬೇಕು. ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯ ನಂತರ 5 ವರ್ಷ. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಲೈಸೆನ್ಸು ಕೈಗೆ ಬಂದ ಮೇಲೆಯೇ ಪರವಾನಗಿ ಪಡೆದ ಅಂಗಡಿಯಲ್ಲಿ ಕೊಳ್ಳಬೇಕು. ಲೈಸೆನ್ಸು ಎಲ್ಲೆಲ್ಲಿ ನಡೆಯುತ್ತದೆ ಎಂಬುದು ಅದರಲ್ಲೇ ನಮೂದಾಗಿರುತ್ತದೆ. ಕರ್ನಾಟಕಕ್ಕೆಂದು ಬರೆದಿದ್ದರೆ ಅನಮೋಡ ಘಾಟು ಇಳಿದು ಬಂದೂಕನ್ನು ಗೋವಾಕ್ಕೆ ಒಯ್ಯುವ ಹಾಗಿಲ್ಲ. ವಾಸ ಬದಲಾಯಿಸಿ ಆಯುಧವನ್ನೂ ಜತೆಗೊಯ್ದರೆ ಹೊಸ ಜಾಗದ ಅಧಿಕಾರಿಗೆ ತಿಳಿಸಲೇಬೇಕು.

ಇನ್ನು ಯಾರೋ ಕಡಿಮೆ ಬೆಲೆಗೆ ನಾಡ ಬಂದೂಕು ಕೊಡುತ್ತೇನೆ, ಕಾಗದ ಆಮೇಲೆ ನೋಡೋಣ ಅಂದರೆ ಅಲ್ಲಿಂದ ಎದ್ದು ಬನ್ನಿ. ನಿಮಗೆ ಈ ಮಾತು ಬೇಕಿಲ್ಲ, ಓದುತ್ತಿರುವ ಕೆಲವರಿಗೆ ಬೇಕು. ಲೈಸೆನ್ಸಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ ಮತ್ತು ದಂಡ.

ಇಷ್ಟು ದೂರ ಬಂದ ಮೇಲೆ ಒಂದು ಮುಖ್ಯ ಸಂಗತಿ ಹೇಳಬೇಕು. ಬಂದೂಕಿನ ಲೈಸೆನ್ಸು ಮನೆಗೆ ಸಿಗುವುದಿಲ್ಲ, ಮನುಷ್ಯನಿಗೆ ಸಿಗುತ್ತದೆ. ನಿಮ್ಮ ಹೆಸರಿನ ಬಂದೂಕನ್ನು ನೀವು ಊರಲ್ಲಿಲ್ಲದಾಗ ತಂದೆ ಕೈಗೆತ್ತಿಕೊಳ್ಳುವಂತಿಲ್ಲ. ರಿಪೇರಿಗೋ ಲೈಸೆನ್ಸಿನ ನವೀಕರಣಕ್ಕೋ ಅದನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಲೂ ನಿಮ್ಮ ಬರಹದ ಒಪ್ಪಿಗೆ ಬೇಕು. ಅಧಿಕಾರಿಯ ಅನುಮತಿಯಿಂದ ಇನ್ನೊಬ್ಬರ ಹೆಸರನ್ನು ಲೈಸೆನ್ಸಿನಲ್ಲಿ ಸೇರಿಸುವ ಅವಕಾಶವೇನೋ ಇದೆ. ಆದರೆ ನಿಮ್ಮ ತಂದೆಯ ಈಗಿನ ಮನಸ್ಥಿತಿಯಲ್ಲಿ ಅದನ್ನು ಕೇಳಬಾರದು. ಚುನಾವಣೆ ಬಂತೆಂದರೆ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವ ರೂಢಿಯಿದೆ. ಆಗ ನೀವು ವೆರ್ಣಾದ ಪಾಳಿ ಬಿಟ್ಟು ಓಡಿ ಬರಬೇಕು. ದೀರ್ಘ ಕಾಲ ಊರಲ್ಲಿಲ್ಲದವರು ಬಂದೂಕನ್ನು ಠಾಣೆಯಲ್ಲೋ ಪರವಾನಗಿಯ ಡೀಲರರಲ್ಲೋ ಇಡುವುದೇ ಸರಿಯಾದ ಕ್ರಮ.

ಇದರ ಅರ್ಥ ನೋಡಿ. ನೀವು ಹೆದರುವುದು ನೀವಿಲ್ಲದ ರಾತ್ರಿಗಳಿಗೆ. ನಿಮ್ಮ ಬಂದೂಕು ಕಾನೂನು ಪ್ರಕಾರ ಕೆಲಸಕ್ಕೆ ಬರುವುದು ನೀವಿರುವ ರಾತ್ರಿಗಳಲ್ಲಿ ಮಾತ್ರ. ಅಂದರೆ ನೀವು ಕೊಳ್ಳಹೊರಟ ವಸ್ತು ನಿಮ್ಮ ತಂದೆ-ತಾಯಿಯ ಅಂಜಿಕೆಗೆ ಉತ್ತರವಲ್ಲ. ಅದು ಉತ್ತರ ಕೊಡುತ್ತಿರುವುದು ನಿಮ್ಮೊಳಗಿನ ಇನ್ನೊಂದು ನೋವಿಗೆ, ನಾನು ಅಲ್ಲಿಲ್ಲವಲ್ಲ ಎಂಬ ನೋವಿಗೆ. ಏನಾದರೂ ಮಾಡಿದೆ ಎಂದು ಮನಸ್ಸಿಗೆ ಹೇಳಿಕೊಳ್ಳಲು ನಿಮಗೊಂದು ವಸ್ತು ಬೇಕಾಗಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಗ ದುಡಿಯಲು ಹೋದದ್ದು ಆ ಮನೆ ನಡೆಯಲೆಂದೇ. ಹೋದದ್ದು ತಪ್ಪಲ್ಲ ಎಂಬುದನ್ನು ಮೊದಲು ನೀವೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಪ್ರಶ್ನೆಯೇ ಬೇರೆಯಾಗುತ್ತದೆ: ನಾನಿಲ್ಲದಾಗ ಅವರ ಹತ್ತಿರ ಯಾರಿರುತ್ತಾರೆ?

ಇದಕ್ಕೆ ಉತ್ತರ ಊರಲ್ಲೇ ಇದೆ. ಊರೊಳಗೆ ನಿಮ್ಮದೇ ಹಳೆಯ ಮನೆ ಇದ್ದರೆ ರಾತ್ರಿಯಷ್ಟೇ ಅಲ್ಲಿ ಮಲಗಲು ತಂದೆ-ತಾಯಿಯನ್ನು ಒಪ್ಪಿಸಲು ನೋಡಿ. ದನಕರು ಬಿಟ್ಟು ಬರಲ್ಲ ಎನ್ನಬಹುದು. ಆಗ ಹೊಲದ ಮನೆಗೇ ಒಬ್ಬರು ಬಂದು ಮಲಗುವ ಏರ್ಪಾಟು ಮಾಡಿ, ಸಂಬಳ ಕೊಟ್ಟಾದರೂ ಸರಿ. ಬಂದೂಕಿಗೆ ಹಾಕುವ ಹಣ ಅದಕ್ಕೆ ಹೋಗಲಿ. ಬಂಗಾರವನ್ನು ಬ್ಯಾಂಕಿನ ಲಾಕರಿನಲ್ಲಿಡಿ, ಇಟ್ಟಿರುವುದನ್ನು ನಾಲ್ಕು ಜನಕ್ಕೆ ಗೊತ್ತಾಗುವಂತೆ ಹೇಳಿ. ಅಂಗಳಕ್ಕೊಂದು ಸೋಲಾರ್ ದೀಪ, ಒಂದು ನಾಯಿ, ಒಳಗಿನಿಂದ ಗಟ್ಟಿ ಅಗಳಿ ಇರಲಿ. ತಂದೆಯ ಫೋನಿನಲ್ಲಿ ಒಂದೇ ಗುಂಡಿ ಒತ್ತಿದರೆ ಹತ್ತಿರದ ಮನೆಗೆ ಹೋಗುವಂತೆ, ಇನ್ನೊಂದು 112ಕ್ಕೆ ಹೋಗುವಂತೆ ನೀವೇ ಮಾಡಿಕೊಟ್ಟು, ಎರಡು ಸಲ ಒತ್ತಿಸಿ ರೂಢಿ ಮಾಡಿಸಿ. ನಿಮ್ಮ ಹಳ್ಳಿಗೆ ಬೀಟ್ ಪೊಲೀಸರೊಬ್ಬರು ಇದ್ದೇ ಇರುತ್ತಾರೆ. ಠಾಣೆಗೆ ಹೋಗಿ ಅವರ ಹೆಸರು, ನಂಬರು ಕೇಳಿ, ಹೊಲದ ಮನೆಯಲ್ಲಿ ಹಿರಿಯರಿಬ್ಬರೇ ಇರುವುದನ್ನು ಬರೆದುಕೊಡಿ. ಪಕ್ಕದ ಊರಲ್ಲಿ ಇತ್ತೀಚೆಗಷ್ಟೇ ಕಳವಾಗಿರುವುದರಿಂದ ನಿಮ್ಮ ಮಾತಿಗೆ ಈಗ ತೂಕವಿದೆ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567.

ನಿಮ್ಮ ಫೋನುಗಳ ಬಗ್ಗೆ ಒಂದು ಮಾತು. ರಾತ್ರಿ ಎರಡು ಮೂರು ಸಲ ಫೋನು ಬಂದರೆ ಅವರಿಗೂ ನಿದ್ದೆ ಕೆಡುತ್ತದೆ, ಏನೋ ಆಗಲಿದೆ ಎಂಬ ಅಂಜಿಕೆ ಅವರಿಗೂ ಅಂಟುತ್ತದೆ. ಮಲಗುವ ಮುಂಚೆ ಒಂದು, ಬೆಳಗ್ಗೆ ಒಂದು ಎಂದು ಗೊತ್ತು ಮಾಡಿಕೊಳ್ಳಿ. ಎತ್ತದಿದ್ದರೆ ಹತ್ತಿರದವರಲ್ಲಿ ಯಾರು ಹೋಗಿ ನೋಡಬೇಕೆಂಬುದೂ ಮೊದಲೇ ಗೊತ್ತಿರಲಿ. ಹಾಗೆ ಹೋಗಿ ನೋಡುವ ಒಬ್ಬರಿದ್ದಾರೆ ಎಂದಾದ ದಿನ ನಿಮ್ಮ ಕೈ ನಡುಕ ಅರ್ಧ ಇಳಿಯುತ್ತದೆ.

ಹಂದಿಯ ವಿಷಯಕ್ಕೆ ಬಂದರೆ, ಬೆಳೆ ಕಾಯಲು ಬಂದೂಕು ಕೊಡುವ ಅವಕಾಶ ಕಾಯ್ದೆಯಲ್ಲೇ ಇದೆ. ಸಾಮಾನ್ಯವಾಗಿ ಅದು ಬಾಯಿಯಿಂದ ಮದ್ದು ತುಂಬುವ ಬಂದೂಕು. ಆದರೆ ಆ ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿಗೆ ಗುಂಡು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಕತ್ತಲಲ್ಲಿ ಹಂದಿಯೆಂದು ಹೊಡೆದದ್ದು ಕೃಷ್ಣಮೃಗವಾದರೆ 3ರಿಂದ 7 ವರ್ಷ ಸಜೆ. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇರುವಾಗ ಇದು ಬರಿಯ ಊಹೆಯ ಮಾತಲ್ಲ. ಇದಕ್ಕಿಂತ ದೊಡ್ಡ ಭಯವೆಂದರೆ ಗೋವಿನಜೋಳದ ಸಾಲಿನೊಳಗೆ ಅಲುಗಿದ್ದು ಪಕ್ಕದ ಹೊಲ ಕಾಯುವ ಮನುಷ್ಯನಾಗಿರಬಹುದು. ಲೈನಿನ ಕರೆಂಟನ್ನು ಬೇಲಿಗೆ ಹರಿಸುವುದು, ಸಿಡಿಮದ್ದಿನ ಉಂಡೆ ಇಡುವುದು ಎರಡೂ ಬೇಡವೇ ಬೇಡ. ಅವುಗಳಿಗೆ ದನಗಳೂ ಮನುಷ್ಯರೂ ಬಲಿಯಾಗಿದ್ದಾರೆ. ಬೆಳೆ ಹಾಳಾದ ಕೂಡಲೇ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಪರಿಹಾರ ಸಿಗಲು ದಾರಿಯಿದೆ. ಅರಣ್ಯ ಸಹಾಯವಾಣಿ 1926. ಸೋಲಾರ್ ಬೇಲಿಗೆ ಸಹಾಯಧನವಿದೆಯೇ ಎಂದು ಅಲ್ಲೇ ಕೇಳಿ.

ಬದುವಿನ ತಕರಾರನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನನಗೆ ಅದೂ ಚಿಂತೆ ತಂದಿದೆ. ಕಾಕಾನ ಮಕ್ಕಳ ಜತೆ ಜಗಳವಿರುವಾಗ ನಿಮ್ಮ ಮನೆಗೆ ಬಂದೂಕು ಬಂತೆಂಬ ಸುದ್ದಿ ಊರಿಗೆ ಹೇಗೆ ಕೇಳಿಸುತ್ತದೆ ಯೋಚಿಸಿ. ನೀವು ಕಳ್ಳರಿಗೆಂದು ತಂದದ್ದು ಅವರಿಗೆ ತಮ್ಮ ಮೇಲೆ ಎತ್ತಿದ್ದೆನಿಸುತ್ತದೆ. ಅವರೂ ಏನೋ ಒಂದು ತಂದಿಟ್ಟುಕೊಳ್ಳುತ್ತಾರೆ. ಅಳತೆಯಲ್ಲಿ ಮುಗಿಯಬೇಕಿದ್ದ ಜಗಳ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಪೊಲೀಸ್ ವಿಚಾರಣೆಯಲ್ಲೂ ಈ ತಕರಾರು ಹೊರಬರುತ್ತದೆ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯುವ ದಿನ ನೀವು ರಜೆ ಹಾಕಿ ಬನ್ನಿ, ತಂದೆಯನ್ನು ಒಬ್ಬರನ್ನೇ ನಿಲ್ಲಿಸಬೇಡಿ. ಅದಕ್ಕೂ ಮೊದಲು ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಕಾಕಾನ ಮನೆಗೆ ಒಮ್ಮೆ ಹೋಗಿ ಬನ್ನಿ. ಮಾತು ಕೂಡಿಬರದಿದ್ದರೆ ಲೋಕ ಅದಾಲತ್ ಇದೆ. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ ಕೇಳಬಹುದು. ನಿಮ್ಮ ಹೊಲದ ಮನೆಗೆ ಅತಿ ಹತ್ತಿರ ಇರುವವರು ಬಹುಶಃ ಆ ಕಾಕಾನ ಮಕ್ಕಳೇ. ಬದು ಗೊತ್ತಾಗಿ ಮಾತು ಕೂಡಿದರೆ ರಾತ್ರಿ ಕೂಗಿದರೆ ಓಡಿ ಬರುವವರೂ ಅವರೇ.

ಹೆಂಡತಿಗೆ ಇಷ್ಟವಿಲ್ಲ ಎಂದಷ್ಟೇ ಬರೆದಿದ್ದೀರಿ, ಯಾಕೆಂದು ಬರೆದಿಲ್ಲ. ಕೇಳಿ. ಮಕ್ಕಳಿರುವ ಮನೆಯಾದರೆ ಹೆಂಡತಿಯ ಅಂಜಿಕೆಗೆ ನಿಮ್ಮ ಅಂಜಿಕೆಯಷ್ಟೇ ಬೆಲೆಯಿದೆ. ಮಾವನ ಬಗ್ಗೆ ನಿಮಗೆ ತಿಳಿಯದ ಯಾವುದೋ ಮಾತು ಅತ್ತೆಯಿಂದ ಅವರ ಕಿವಿಗೆ ಬಿದ್ದಿರಲೂಬಹುದು. ಹೆಣ್ಣುಮಕ್ಕಳ ನಡುವೆ ಇಂಥ ಮಾತು ಮೊದಲು ಹೋಗುತ್ತದೆ.

ಇದಿಷ್ಟೂ ಆಗಿ, ತಂದೆ ಸುಧಾರಿಸಿ, ಬದುವಿನ ವಿಷಯ ಮುಗಿದು, ಮುಂದೆಂದೋ ನೀವು ಊರಿಗೇ ಬಂದು ನೆಲೆಸಿ, ಆಗಲೂ ಬಂದೂಕು ಬೇಕೆನಿಸಿದರೆ ಅರ್ಜಿ ಹಾಕಿ. ಕಾನೂನಿನ ದಾರಿಯಲ್ಲಿ ಬಂದೂಕು ಪಡೆದು, ಶಿಸ್ತಿನಿಂದ ಇಟ್ಟುಕೊಂಡವರು ನಮ್ಮ ತಾಲ್ಲೂಕುಗಳಲ್ಲಿದ್ದಾರೆ, ಅವರ ಬಗ್ಗೆ ನನಗೆ ಆಕ್ಷೇಪವಿಲ್ಲ. ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಬಹುದು, ಮೇಲ್ಮನವಿ ಸಲ್ಲಿಸಬಹುದು. ಆದರೆ ಬಂದೂಕು ಇದ್ದರೂ ಆತ್ಮರಕ್ಷಣೆಯ ಹಕ್ಕಿಗೆ ಮಿತಿಯಿದೆ ಎಂಬುದು ನೆನಪಿರಲಿ. ಅಪಾಯ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದವನು ತಾನೇ ಆರೋಪಿಯಾಗಿ ನಿಲ್ಲಬೇಕಾದೀತು.

ತಂದೆ ತೀರಿಕೊಂಡ ಮೇಲೆ ಮನೆಯಲ್ಲೇ ಉಳಿದ ಹಳೆಯ ಬಂದೂಕಿನ ಚಿಂತೆಯೂ ನಿಮ್ಮಂತೆ ಹೊರಗೆ ದುಡಿಯುವ ಕೆಲವರಿಗೆ ಇರುತ್ತದೆ. ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಲೈಸೆನ್ಸುದಾರರು ತೀರಿದ ಮೇಲೆ ಆ ಬಂದೂಕು ಅಟ್ಟದ ಮೇಲೆ ಇರುವಂತಿಲ್ಲ. ತಡಮಾಡದೆ ಠಾಣೆಗೆ ಅಥವಾ ಪರವಾನಗಿಯ ಡೀಲರರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರಿಗೆ ಲೈಸೆನ್ಸು ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ತಂದೆ ಬದುಕಿರುವಾಗಲೇ ಆದರೆ, ಅವರಿಗೆ 70 ತುಂಬಿದ ಮೇಲೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದ ಮೇಲೆ ಮಕ್ಕಳು ಕೇಳಬಹುದು. ಅಪ್ಪನ ನೆನಪಿನ ವಸ್ತುವನ್ನು ಠಾಣೆಗೆ ಕೊಡಲು ಮನಸ್ಸು ಬಾರದಿರುವುದು ಸಹಜ. ರಸೀದಿ ಕೈಯಲ್ಲಿದ್ದರೆ ಅದು ಕಳೆದುಹೋಗುವುದಿಲ್ಲ. ಬೇಡವೆನಿಸಿದರೆ ಕಾನೂನು ಪ್ರಕಾರ ಮಾರಿಬಿಡಲೂಬಹುದು.

ಈಗ ನಿಮಗೆ ನನ್ನ ಕೋರಿಕೆ ಇಷ್ಟು: ಹೊಲದ ಔಷಧದ ಬಾಟಲಿಗಳ ವಿಷಯ ತಾಯಿಗೆ ಇಂದೇ ಹೇಳಿ, ಈ ವಾರವೇ ಊರಿಗೆ ಬಂದು ತಂದೆಯ ಜತೆ ಕೂತು ಮಾತಾಡಿ, ಅವರನ್ನು ವೈದ್ಯರಿಗೆ ತೋರಿಸಿ. ವೈದ್ಯರು ಏನು ಹೇಳಿದರೆಂದು ನನಗೆ ಬರೆಯಿರಿ. ಲೈಸೆನ್ಸಿನ ಮಾತನ್ನು ಅದಾದ ಮೇಲೆ ಮತ್ತೆ ಎತ್ತಿಕೊಳ್ಳೋಣ.